ಜವಳ ತೆಗೆಯದ ಕೂಸು

ಸಹಾಯವಾಣಿಗೆ ಫೋನು ಮಾಡಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆದದ್ದನ್ನು ಕೇಳಿದವರು, "ನೀವು ಮಾಡಿದ್ದು ಸರಿನೇ ಅದ ಬಿಡ್ರಿ, ಇಲ್ಲಾಂದ್ರ ಅವರು ಅಲ್ಲೇ ಸಾಯ್ತಿದ್ರು" ಎಂದು ಸಮಾಧಾನ ಹೇಳುತ್ತಾರೆ. ಸಾಯುತ್ತಿದ್ದದ್ದು ನಿಜ. ಉಳಿಸಿದೆವು ಎಂದು ಹೇಳಿಕೊಂಡು ಒಂದೇ ಮನೆಯ ಮೂವರನ್ನು ಮೂರು ಕಟ್ಟಡಗಳಲ್ಲಿ ಇಟ್ಟು ಬೀಗ ಹಾಕಿದ್ದೂ ನಿಜ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಡಲು ನಾನು ತಯಾರಿಲ್ಲ.

ನಮ್ಮ ಮನೆ ಮಾನ್ವಿಯಲ್ಲಿ. ಅವ್ವ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಒಣಹಾಕುತ್ತ ನನ್ನನ್ನು ಎಂ.ಎ.ವರೆಗೆ ಓದಿಸಿದಳು. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸು ಬರುತ್ತೇನೆ. ಆ ದಿನ ರಾಯಚೂರು ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಕ್ರಾಸಿನಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಎಲ್ಲರೂ ಇಳಿದು ಚಹಾದಂಗಡಿಯ ಮುಂದೆ ನಿಂತೆವು.

ಹತ್ತಿ ಬಿಡಿಸುವ ಕೆಲಸ ಮುಗಿದು, ದೇವದುರ್ಗದ ಕಡೆಯ ಜನ ಕೂಲಿ ಹುಡುಕಿಕೊಂಡು ದೂರದ ಊರುಗಳಿಗೆ ಗುಳೆ ಹೊರಡುವ ದಿನಗಳು ಅವು. ಬೇವಿನ ಮರದ ಕೆಳಗೆ ಗಂಡ, ಹೆಂಡತಿ, ಎರಡೂವರೆ ವರ್ಷದ ಒಂದು ಹೆಣ್ಣು ಕೂಸು ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು, ನೀರಿನ ಕೊಡ, ಜೋಳದ ಹಿಟ್ಟಿನ ಚೀಲ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯ ಗಾಡಿಗೆ ಕಾಯುತ್ತಿದ್ದರು. ಕೂಸಿನ ಕೂದಲು ಹುಟ್ಟಿದಾಗಿನಿಂದ ಕತ್ತರಿ ಕಾಣದೆ ಗಂಟುಗಂಟಾಗಿ ಭುಜಕ್ಕೆ ಇಳಿದಿತ್ತು. ಬಿಸ್ಕಿಟ್ ಬೇಕೆಂದು ರಂಪ ಮಾಡಿ ನೆಲದ ಮೇಲೆ ಹೊರಳುತ್ತಿತ್ತು.

ಆ ವಾರವಿಡೀ ನಮ್ಮ ಕಡೆ ಎಲ್ಲರ ಮೊಬೈಲಿನಲ್ಲೂ ಒಂದೇ ವಿಡಿಯೊ. ಮಕ್ಕಳ ಕಳ್ಳರು ಬಂದಿದ್ದಾರೆ, ಕೂಲಿಯವರ ವೇಷದಲ್ಲಿದ್ದಾರೆ ಅಂತ. ಎಲ್ಲಿಯದೋ, ಯಾವಾಗಿನದೋ. ನನ್ನ ವಿದ್ಯಾರ್ಥಿಗಳೂ ನನಗೆ ಕಳಿಸಿದ್ದರು. ಅದು ಸುಳ್ಳು ಎಂದು ತರಗತಿಯಲ್ಲಿ ಅರ್ಧ ಗಂಟೆ ಮಾತಾಡಿದ್ದೆ.

ಬೈಕಿನಲ್ಲಿ ಬಂದ ಒಬ್ಬ ನಿಂತ. ಮಗುವನ್ನು ಶಾಲೆಗೆ ಬಿಟ್ಟು ಬರುತ್ತಿದ್ದನೋ ಏನೋ, ಹ್ಯಾಂಡಲ್ಲಿಗೆ ಪುಟ್ಟದೊಂದು ಊಟದ ಚೀಲ ನೇತಾಡುತ್ತಿತ್ತು.

"ಯಾರ್ದಿದು ಕೂಸು?"

"ನಮ್ದರೀ" ಅಂದ ಗಂಡ.

ಬೈಕಿನವನು ಹೆಂಡತಿಯ ಕಡೆ ತಿರುಗಿದ. "ನಿಂದೇನ?"

"ಅಲ್ರೀ. ನಂದಲ್ಲ." ಅವಳು ಕೂಸಿನ ಕಡೆ ನೋಡಲೂ ಇಲ್ಲ.

"ಮತ್ತ ಯಾರ್ದು?"

"ತಿಪ್ಪಿ ಮ್ಯಾಗ ಇಟ್ಟಿದ್ರು. ಒಬ್ಬಾಕಿ ಎತ್ಕೊಂಡಳು. ಆಕಿ ಕಡಿಂದ ನಾ ತಗೊಂಡೀನಿ."

ಬೈಕಿನವನು ಚಹಾದಂಗಡಿಯ ಕಡೆ ತಿರುಗಿ, "ಕೇಳಿದ್ರೇನು? ಗಂಡ ಒಂದು ಹೇಳ್ತಾನ, ಹೆಂಡ್ತಿ ಒಂದು ಹೇಳ್ತಾಳ" ಅಂದ. ಅಷ್ಟೇ. ಅವನು ಕೂಗಲಿಲ್ಲ. ಕೂಗಿದ್ದರೆ ನನಗೆ ಇಷ್ಟು ಭಯ ಉಳಿಯುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಬಂದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಮಗಳ ಮದುವೆಯ ವಿಷಯ ಹೇಳುತ್ತಿದ್ದವರೂ ಬಂದರು. ಮೊದಲ ಏಟು ಗಂಡನ ಕಿವಿಯ ಮೇಲೆ ಬಿತ್ತು. ಎರಡನೆಯದು ಎಲ್ಲಿ ಬಿತ್ತೋ ನೋಡಲಿಲ್ಲ. ನನ್ನ ಕಣ್ಣು ಬೈಕಿನವನ ಕೈ ಮೇಲಿತ್ತು. ಆ ಕೈಯಲ್ಲಿ ಈಗ ಕಲ್ಲಿತ್ತು.

ನಾನು ನಡುವೆ ಹೋಗಿ ನಿಂತೆ. ಧೈರ್ಯದಿಂದಲ್ಲ. ಕಾಲು ಹೋದವು, ನಾನು ಅವುಗಳ ಹಿಂದೆ ಹೋದೆ. ಫೋನು ತೆಗೆದು ಮಕ್ಕಳ ಸಹಾಯವಾಣಿಗೆ ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಜಾಗ ಹೇಳಿದೆ. ಒಬ್ಬ ನನ್ನ ಬ್ಯಾಗು ಹಿಡಿದು ಎಳೆದ.

"ನೀ ಯಾರು? ಇವರ ಪೈಕಿ ಏನು?"

"ಕಾಲೇಜಿನ ಮೇಡಂ ಅದಾಳ ಬಿಡ್ಲೇ" ಅಂದ ಇನ್ನೊಬ್ಬ, ನನ್ನ ಕೊರಳಿನ ಗುರುತಿನ ಚೀಟಿ ನೋಡಿ. ಆ ಚೀಟಿ ನನ್ನನ್ನು ಉಳಿಸಿತು. ಅವರ ಕೊರಳಲ್ಲಿ ಏನೂ ಇರಲಿಲ್ಲ.

ಚಹಾದಂಗಡಿಯ ಹೆಂಗಸು ಆ ಹೊತ್ತಿಗೆ ತಾಯಿಯನ್ನೂ ಕೂಸನ್ನೂ ತನ್ನ ತಗಡಿನ ಶೆಡ್ಡಿನೊಳಗೆ ಎಳೆದುಕೊಂಡು, ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಕುದಿಯುವ ಚಹಾದ ಪಾತ್ರೆ. "ಬರ್ರಿ, ಯಾರಿಗೆ ಬೇಕು" ಅನ್ನುತ್ತಿದ್ದಳು, ಗಿರಾಕಿಗಳನ್ನು ಕೇಳುವ ದನಿಯಲ್ಲೇ. ಯಾರೂ ಹತ್ತಿರ ಹೋಗಲಿಲ್ಲ.

ಇವತ್ತಿಗೂ ಬೈಕೊಂದು ಪಕ್ಕದಲ್ಲಿ ನಿಂತರೆ ನಾನು ಮೊದಲು ನೋಡುವುದು ಕೈಗಳನ್ನು.

ಪೊಲೀಸರ ಜೀಪು ಬಂತು, ಹಿಂದೆಯೇ ಸಹಾಯವಾಣಿಯವರ ವ್ಯಾನು. ಗಂಡನನ್ನು ಜೀಪಿನಲ್ಲಿ ಕೂಡಿಸಿದರು. ಹೊಡೆದವರು ಆಗಲೇ ಚದುರಿದ್ದರು, ಅವರನ್ನು ಯಾರೂ ಹುಡುಕಲಿಲ್ಲ. ತಾಯಿ, ಕೂಸು, ಸಾಕ್ಷಿಯೆಂದು ನಾನು, ಮೂವರೂ ವ್ಯಾನು ಹತ್ತಿದೆವು. ದಾರಿಯುದ್ದಕ್ಕೂ ಕೂಸು ಎದೆಹಾಲು ಕುಡಿಯುತ್ತಿತ್ತು. ಅದನ್ನು ನಾನು ನೋಡಿದೆ. ವ್ಯಾನಿನಲ್ಲಿದ್ದ ಇಬ್ಬರು ಸಿಬ್ಬಂದಿಯೂ ನೋಡಿದರು.

ರಾಯಚೂರಿನ ಮಕ್ಕಳ ರಕ್ಷಣೆಯ ಕಚೇರಿಯಲ್ಲಿ ಒಬ್ಬ ಅಧಿಕಾರಿ ಇದ್ದರು, ಹೆಂಗಸು, ದಕ್ಷಿಣದ ಕಡೆಯವರು. ಮೆತ್ತಗೆ ಮಾತಾಡುತ್ತಿದ್ದರು. ನೀರು ಕೊಡಿಸಿದರು. "ನೋಡಮ್ಮಾ, ಹೆದರಬೇಡ. ಈ ಮಗು ನಿನ್ನದಾ?"

ತಾಯಿ ನೀರಿನ ಲೋಟ ಕೆಳಗಿಟ್ಟಳು. "ಅಲ್ರೀ" ಅಂದಳು.

ಅಧಿಕಾರಿ ಬರೆದುಕೊಂಡರು. ಮಗುವಿನ ಜನನ ಪ್ರಮಾಣ ಪತ್ರ ಇರಲಿಲ್ಲ. ಆಧಾರ್ ಇರಲಿಲ್ಲ. ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿದರು. ಆಮೇಲೆ ಆಯಾ ಒಬ್ಬಳು ಬಂದು, "ಕೂಸಿಗೆ ಐದು ನಿಮಿಷ ಸ್ನಾನ ಮಾಡಿಸಿ ತರ್ತೀವಿ, ಕೊಡವ್ವಾ" ಅಂದಳು. ಕೂಸು ತಾಯಿಯ ತಾಳಿಯ ದಾರ ಬಿಗಿಯಾಗಿ ಹಿಡಿದಿತ್ತು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತಾಯಿ ನಂಬಿ, ಬಿಡಿಸಲು ತಾನೂ ಸಹಾಯ ಮಾಡಿದಳು. ಕೂಸನ್ನು ಹಿಂದಿನ ಬಾಗಿಲಿನಿಂದ ಶಿಶುಗೃಹಕ್ಕೆ ಸಾಗಿಸಿದರು.

ಸ್ನಾನದ ಮಾತು ಸುಳ್ಳು ಎಂದು ನನಗೆ ಗೊತ್ತಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದೆ.

ಸಂಜೆಯ ಹೊತ್ತಿಗೆ ಗಂಡ ಠಾಣೆಯಲ್ಲಿ, ಹೆಂಡತಿ ಹೆಣ್ಣುಮಕ್ಕಳ ಆಶ್ರಯಗೃಹದಲ್ಲಿ, ಕೂಸು ಶಿಶುಗೃಹದಲ್ಲಿ. ಮೂರರ ನಡುವೆ ಆಟೋದಲ್ಲಿ ಹತ್ತು ಹದಿನೈದು ನಿಮಿಷದ ದಾರಿ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಹೀರೇಕಾಯಿ ಹೆಚ್ಚುತ್ತಿದ್ದಳು. ತಾಯಿ 'ನಂದಲ್ಲ' ಅಂದದ್ದು, ತಿಪ್ಪೆಯ ಮಾತು ಹೇಳಿದ್ದು ಕೇಳುತ್ತಲೇ ಈಳಿಗೆ ಪಕ್ಕಕ್ಕೆ ಸರಿಸಿದಳು.

"ಆ ಕೂಸಿಗೆ ಜವಳ ಆಗಿತ್ತೇನು?"

"ಇಲ್ಲ. ಕೂದ್ಲು ಇಷ್ಟುದ್ದ ಇದ್ವು."

"ಮತ್ತ ಹಡದಾಕಿ ನಂದು ಅಂತ ಹ್ಯಾಂಗ ಅನ್ನಬೇಕು? ಅದರ ಹಿಂದಿನವು ಎಷ್ಟು ಹೋಗ್ಯಾವೋ ಏನೋ. ಇಷ್ಟು ಓದಿ, ಇಷ್ಟು ತಿಳೀಲಿಲ್ಲೇನು ನಿನಗ? ನಿಮ್ಮ ಸೋದರಮಾವನ್ನ ಹಂಗ ಉಳಿಸಿಕೊಂಡೀವಿ ನಾವು."

ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕೇಳಿದ್ದೆ, ಮರೆತಿದ್ದೆ. ಒಂದರ ಹಿಂದೆ ಒಂದು ಕೂಸು ಸತ್ತ ಮನೆಯಲ್ಲಿ, ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಇಡುತ್ತಾರೆ. ಬೇರೆ ಹೆಂಗಸೊಬ್ಬಳು ಎತ್ತಿಕೊಳ್ಳುತ್ತಾಳೆ. ಹಡೆದವಳು ಅವಳಿಗೆ ಒಂದು ಮೊರ ತೌಡು ಕೊಟ್ಟು ತನ್ನ ಕೂಸನ್ನೇ ಕೊಳ್ಳುತ್ತಾಳೆ. ದೇವರ ಮುಂದೆ ಮೊದಲ ಕೂದಲು ತೆಗೆಸುವವರೆಗೆ, ಅಂದರೆ ಜವಳ ಆಗುವವರೆಗೆ, ಹಡೆದ ಬಾಯಿಯಿಂದ 'ನನ್ನದು' ಎಂಬ ಮಾತು ಬರಬಾರದು. ಬಂದರೆ ಹಿಂದಿನವನ್ನು ಒಯ್ದದ್ದು ಇದನ್ನೂ ಒಯ್ಯುತ್ತದೆ. ತಂದೆಗೆ ಆ ಕಟ್ಟು ಇಲ್ಲ.

ಮರುದಿನ ಆಶ್ರಯಗೃಹಕ್ಕೆ ಹೋದೆ. ತಾಯಿಯ ಕುಪ್ಪಸ ಹಾಲಿನಿಂದ ಒದ್ದೆಯಾಗಿ ಎದೆ ಕಲ್ಲಾಗಿತ್ತು. ನನ್ನನ್ನು ನೋಡುತ್ತಲೇ, "ಅಕ್ಕಾರ, ಐದು ನಿಮಿಷ ಅಂದಿದ್ರಲ್ಲ" ಅಂದಳು.

ಪಕ್ಕದಲ್ಲಿ ಕೂತೆ. ಜವಳದ ವಿಷಯ ತೆಗೆದೆ. ಅವಳು ನನ್ನ ಮುಖ ನೋಡಿದಳು, ಮೊದಲ ಸಲ. ಮೂರು ಹೋಗಿದ್ದವು, ಮೂರೂ ಬೇರೆ ಬೇರೆ ಊರಿನ ಶೆಡ್ಡುಗಳಲ್ಲಿ. ನಾಲ್ಕನೆಯದು ಹುಟ್ಟಿದ್ದು ಹೈದರಾಬಾದಿನ ಹೊರಗೆ, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ಶೆಡ್ಡಿನಲ್ಲಿ. ಅಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಒಡೆದ ಇಟ್ಟಿಗೆ, ಸಿಮೆಂಟು ಚೀಲಗಳ ಗುಡ್ಡೆಯ ಮೇಲೆ ಇಟ್ಟರಂತೆ. ಪಕ್ಕದ ಶೆಡ್ಡಿನ ಮುದುಕಿ, ದೇವದುರ್ಗದ ಕಡೆಯವಳೇ, ಎತ್ತಿಕೊಂಡಳಂತೆ. ತೌಡು ಸಿಗದೆ, ಸಿಮೆಂಟು ಹೊರುವ ಪುಟ್ಟಿಯನ್ನು ತೊಳೆದು ಅದರಲ್ಲಿ ನುಚ್ಚು ಹಾಕಿ ಕೊಟ್ಟು ಕೊಂಡಳಂತೆ.

"ಈ ಹುಣ್ಣಿವಿಗೆ ನೀರಮಾನ್ವಿ ಯಲ್ಲಮ್ಮಗ ಜವಳ ಕೊಡೋದಿತ್ತರೀ. ಮೇಸ್ತ್ರಿ ಈಗ ಬರ್ರಿ ಅಂದ. ಮುಂದಿನ ಹುಣ್ಣಿವಿಗೆ ರಜಾ ತಗೊಂಡು ಬಂದ್ರಾತು ಅಂತ ಹೊಂಟಿದ್ವಿ."

"ಕಚೇರ್ಯಾಗ ಒಂದು ಮಾತು ಹೇಳಿಬಿಡು, ನಂದು ಅಂತ. ಇವತ್ತೇ ಕೊಡ್ತಾರ."

"ಮೂರು ಮಣ್ಣು ಮಾಡೀನ್ರಿ" ಅಂದಳು. "ಇದನ್ನ ಮಾತಿಗೆ ಕೊಡಂಗಿಲ್ಲ."

ಅಲ್ಲಿಂದ ನೇರ ಕಚೇರಿಗೆ ಹೋಗಿ ಅಧಿಕಾರಿಗೆ ಈ ಪದ್ಧತಿಯನ್ನು ವಿವರಿಸಿದೆ. ತಾಳ್ಮೆಯಿಂದ ಕೇಳಿದರು. "ಮೇಡಂ, ನೀವು ಪಾಠ ಮಾಡೋರು. ನೀವೇ ಇಂಥದ್ದಕ್ಕೆಲ್ಲ ಬೆಲೆ ಕೊಟ್ಟರೆ ಹೇಗೆ? ಹೆತ್ತ ತಾಯಿ ಮಗು ತನ್ನದಲ್ಲ ಅಂತ ಹೆಬ್ಬೆಟ್ಟು ಒತ್ತಿದ್ದಾಳೆ. ನಾಳೆ ಏನಾದರೂ ಆದರೆ ನಾನು ಉತ್ತರ ಕೊಡಬೇಕು."

"ಹೆತ್ತ ತಾಯಿ ಅಂತ ನೀವೇ ಹೇಳ್ತಿದ್ದೀರಲ್ಲ" ಅಂದೆ.

ಅವರು ಒಂದು ಕ್ಷಣ ಪೆನ್ನು ನೋಡಿದರು. "ನನಗೂ ಮಕ್ಕಳಿದ್ದಾರೆ" ಅಂದರು. ಮಗುವನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಸಭೆ ಆರನೆಯ ದಿನಕ್ಕೆ ಇತ್ತು. ಅಲ್ಲಿಯವರೆಗೆ ಯಾರೂ ಮಗುವನ್ನು ನೋಡುವಂತಿರಲಿಲ್ಲ.

ಗಂಡನನ್ನು ಮೂರನೆಯ ದಿನ ಬಿಟ್ಟರು. ಕೇಸಿಲ್ಲ, ಕ್ಷಮೆಯಿಲ್ಲ. ಎಡಗಿವಿಯಿಂದ ಕೀವು ಸೋರುತ್ತಿತ್ತು. ಮಾತಾಡಿಸಿದರೆ ಬಲಗಡೆಗೆ ತಲೆ ತಿರುಗಿಸಿ ಕೇಳುತ್ತಿದ್ದ. ಅವನಿಂದಲೇ ಮುದುಕಿಯ ಊರು ತಿಳಿದುಕೊಂಡು, ಭಾನುವಾರ ಇಬ್ಬರೂ ದೇವದುರ್ಗ ದಾಟಿ ಹೋದೆವು. ಕಾಲೇಜಿನವರು ಆಗಲೇ ನನ್ನನ್ನು ಕರೆದು, ಇದರಿಂದ ದೂರ ಇರಿ, ನಿಮ್ಮ ನೇಮಕಾತಿ ವರ್ಷದಿಂದ ವರ್ಷಕ್ಕೆ ಅಂತ ನೆನಪಿಸಿದ್ದರು. ನೆನಪಿದೆ ಅಂದಿದ್ದೆ.

ಮುದುಕಿಗೆ ಮಂಡಿ ಹಿಡಿದುಕೊಂಡಿದ್ದವು. ಗುಳೆ ಹೋಗುವುದು ಬಿಟ್ಟು ಮನೆಯಲ್ಲಿದ್ದಳು. ಎಲ್ಲ ಕೇಳಿ ಕೋಲು ಹುಡುಕಿದಳು.

"ಆ ಕೂಸಿನ ಮಾಲಕಿ ನಾನು. ನನ್ನ ಕೇಳದ ಹ್ಯಾಂಗ ಒಯ್ದ್ರು ಅವರು?"

"ನೀ ಮಾರಿದ್ಯಲ್ಲಬೇ ಯವ್ವಾ" ಅಂದ ಗಂಡ.

"ಮಾರೀನಿ. ಯಾರಿಗೆ ಮಾರೀನಿ ಅಂತ ನನಗ ಗೊತ್ತದೋ, ಆ ಆಫೀಸಿನಾಕಿಗೆ ಗೊತ್ತದೋ? ಅರ್ಧ ಪುಟ್ಟಿ ನುಚ್ಚು ಕೊಟ್ಟಿದ್ಲು ನಿನ್ನ ಹೇಣ್ತಿ. ಅದರಾಗೂ ಕಲ್ಲಿದ್ವು. ನಡಿ."

ಆರನೆಯ ದಿನ ಸಮಿತಿಯ ಕೋಣೆಯಲ್ಲಿ ಮೂವರು ಸದಸ್ಯರು, ಅಧಿಕಾರಿ, ನಾವು. ತಾಯಿಯನ್ನು ಒಂದು ಬಾಗಿಲಿನಿಂದ ಕರೆತಂದರು. ಇನ್ನೊಂದು ಬಾಗಿಲಿನಿಂದ ಆಯಾ ಕೂಸನ್ನು ಎತ್ತಿಕೊಂಡು ಬಂದಳು. ನನಗೆ ಮೊದಲು ಯಾವ ಕೂಸೆಂದು ಗುರುತು ಹತ್ತಲಿಲ್ಲ. ತಲೆ ನುಣ್ಣಗೆ ಬೋಳಿಸಿದ್ದರು.

"ಹೇನು ಆಗಿದ್ದವು" ಅಂದಳು ಆಯಾ, ನಮ್ಮೆಲ್ಲರ ಮುಖ ನೋಡಿ. "ಬಂದ ದಿನವೇ ಎಲ್ಲರಿಗೂ ಬೋಳಿಸ್ತೀವಿ. ಅದು ಪದ್ಧತಿ."

ಮುದುಕಿ ಕೋಲು ಊರಿಕೊಂಡೇ ನೆಲಕ್ಕೆ ಕುಸಿದು ಕೂತಳು. ತಾಯಿ ಅಳಲಿಲ್ಲ. ಹತ್ತಿರ ಹೋಗಿ ಕೂಸಿನ ತಲೆಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವವರ ಹಾಗೆ. ಕಿವಿಯ ಹಿಂದೆ ಬ್ಲೇಡಿನ ಗಾಯ ಒಂದು ಕಪ್ಪಾಗಿತ್ತು. ಅದನ್ನು ಬೆರಳಿನಿಂದ ಮುಟ್ಟಿದಳು. ದೇವರಿಗೆಂದು ಎರಡೂವರೆ ವರ್ಷ ಕಾಯ್ದ ಕೂದಲು ಯಾವುದೋ ಕಸದ ಡಬ್ಬಿಯಲ್ಲಿ ಹೋಗಿತ್ತು. ಅವಳ ಲೆಕ್ಕದಲ್ಲಿ ಆ ಕೂಸಿಗೆ ಈಗ ಯಾವ ಕಾವಲೂ ಇರಲಿಲ್ಲ.

ಅವಳು ಮೇಜಿನ ಕಡೆ ತಿರುಗಿದಳು.

"ಬರಕೋರಿ" ಅಂದಳು. "ಇದು ನನ್ನ ಮಗಳು. ನನ್ನ ಹೊಟ್ಯಾಗ ಹುಟ್ಟೈತಿ. ನಾಕನೇದು. ಇದಕ್ಕೇನರ ಆದ್ರ ನಾ ಯಲ್ಲಮ್ಮನ ಕೇಳಂಗಿಲ್ಲ. ನಿಮ್ಮನ್ನ ಕೇಳ್ತೀನಿ."

ಒಬ್ಬ ಸದಸ್ಯರು ಕಾಗದ ತಿರುವುತ್ತ, "ಅವತ್ತು ಅಲ್ಲ ಅಂದಿದ್ದಳು, ಇವತ್ತು ಹೌದು ಅಂತಾಳೆ. ಯಾವುದನ್ನ ನಂಬಬೇಕು?" ಅಂದರು.

ಮುದುಕಿ ನೆಲದ ಮೇಲಿಂದಲೇ ಕೇಳಿದಳು: "ಯಪ್ಪಾ, ನಿನ್ನ ಹಡದಾಕಿ ಯಾರಂತ ನೀನು ಕಾಗದ ನೋಡಿ ನಂಬೀದೇನು?"

ಆ ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಮುದುಕಿ ತಾನು ಎತ್ತಿಕೊಂಡದ್ದು, ಮಾರಿದ್ದು ಎಲ್ಲ ಹೇಳಿದಳು. ಬರೆದುಕೊಂಡರು. ಆದರೂ ಊರಿನ ಪಂಚಾಯಿತಿಯ ದೃಢೀಕರಣ ಬರಲಿ, ಅಲ್ಲಿಯವರೆಗೆ ಮಗು ಇಲ್ಲೇ ಇರಲಿ ಎಂದು ಆದೇಶವಾಯಿತು. ಆಯಾ ಮತ್ತೆ ಕೂಸನ್ನು ಎತ್ತಿಕೊಂಡಳು. ಮೊದಲ ದಿನ ಹುಚ್ಚು ಹಿಡಿದ ಹಾಗೆ ಅತ್ತಿದ್ದ ಕೂಸು ಈ ಸಲ ಅಳಲಿಲ್ಲ. ಯಾರು ಎತ್ತಿಕೊಂಡರೆ ಅವರ ಜೊತೆ ಹೋಗುವುದನ್ನು ಆರು ದಿನದಲ್ಲಿ ಕಲಿತಿತ್ತು. ಸಿಬ್ಬಂದಿ ಇದನ್ನು 'ಹೊಂದಿಕೊಂಡಿದೆ' ಎಂದು ಬರೆದದ್ದನ್ನು ಆಮೇಲೆ ಕಡತದಲ್ಲಿ ನೋಡಿದೆ.

ಮುದುಕಿ ಊರಿಗೆ ಹೋಗಲು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಉಳಿದಳು. ಬೆಳಿಗ್ಗೆ ನನ್ನ ಜೊತೆ ಬಸ್ಸಿನಲ್ಲಿ ಬಂದು ಶಿಶುಗೃಹದ ಗೇಟಿನ ಮುಂದೆ ಕೂತರೆ ಸಂಜೆ ನಾನು ಹೋಗಿ ಎಬ್ಬಿಸುವವರೆಗೆ ಅಲ್ಲೇ. ಅವ್ವ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಆಶ್ರಯಗೃಹದಿಂದ ಬಿಟ್ಟ ಮೇಲೆ ತಾಯಿಯೂ ಗಂಡನೂ ಬಂದು ಕೂತರು. ಒಂದು ದಿನ ಚಹಾದಂಗಡಿಯ ಹೆಂಗಸು ಅಂಗಡಿ ಮುಚ್ಚಿ ಬಂದಳು. ಕ್ರಾಸಿನಲ್ಲಿ ಹೊಡೆದವರ ಮೇಲೆ ನಾನು ಬರೆದುಕೊಟ್ಟ ದೂರಿಗೆ ತಾನೂ ಸಹಿ ಹಾಕುತ್ತೇನೆ ಎಂದಳು. "ನಿನ್ನ ಗಿರಾಕಿ ಹೋಗ್ತಾರ" ಅಂದೆ. "ಹೋಗ್ಲಿ ಬಿಡ್ರಿ, ಅಂಥವರಿಗೆ ಚಹಾ ಸೋಸೋದು ತಪ್ತದ" ಅಂದಳು. ಕಾವಲುಗಾರ ಎರಡು ಸಲ ಎಬ್ಬಿಸಲು ನೋಡಿದ. ಮುದುಕಿ ಅವನಿಗೆ ರೊಟ್ಟಿ ಕೊಟ್ಟಳು, ಜಾಗ ಮಾತ್ರ ಬಿಡಲಿಲ್ಲ.

ನಾನು ತರಗತಿ ಬಿಟ್ಟು ದೇವದುರ್ಗದ ಕಡೆಯ ಅವರ ಊರಿನ ಪಂಚಾಯಿತಿಗೆ ಎರಡು ಸಲ ಹೋದೆ. ಕಾಲೇಜಿನಲ್ಲಿ ನೋಟಿಸು ಕೊಟ್ಟರು. ಅದಕ್ಕೆ ಉತ್ತರವಾಗಿ ಎಲ್ಲಿ ಹೋಗಿದ್ದೆ, ಯಾಕೆ ಹೋಗಿದ್ದೆ ಎಂದು ಎರಡು ಪುಟ ಬರೆದುಕೊಟ್ಟೆ. ಕ್ಷಮೆ ಕೇಳಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಕೂಸನ್ನು ಒಪ್ಪಿಸಿದರು. ಹಸ್ತಾಂತರದ ನಮೂನೆಯಲ್ಲಿ ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಬೇಕಿತ್ತು. ಓದಿದೆ. 'ಮಗುವನ್ನು ಯಾವುದೇ ತೊಂದರೆಯಿಲ್ಲದೆ, ಸುರಕ್ಷಿತವಾಗಿ ಪೋಷಿಸಿ, ಪೋಷಕರಿಗೆ ಒಪ್ಪಿಸಲಾಗಿದೆ' ಎಂದು ಅಚ್ಚಾಗಿತ್ತು.

"ಈ ಸಾಲಿಗೆ ಸಹಿ ಹಾಕಲ್ಲ" ಅಂದೆ.

"ಮೇಡಂ, ಅದು ಎಲ್ಲರಿಗೂ ಒಂದೇ ನಮೂನೆ" ಅಂದರು ಅಧಿಕಾರಿ. "ಅದನ್ನು ಬದಲಾಯಿಸಬೇಕಾದರೆ ಮೇಲಿನವರನ್ನು ಕೇಳಬೇಕು. ಇವತ್ತು ಆಗಲ್ಲ. ಮಗು ಮತ್ತೆ ಒಳಗೆ ಹೋಗುತ್ತೆ. ಅದು ನಿಮಗೆ ಇಷ್ಟವಾ?"

ಇದು ಕೂಡ ಒಂದು ಕಲ್ಲೇ. ಇನ್ನೊಬ್ಬರ ಕೂಸನ್ನು ಅಡವಿಟ್ಟು ನಾನು ಹಟ ಮಾಡುವುದು ಸರಿಯಲ್ಲ ಎಂದು ಪೆನ್ನು ತೆಗೆದೆ. ತಾಯಿ ನನ್ನ ಮೊಣಕೈ ಹಿಡಿದಳು.

"ಏನು ಬರದದರೀ ಅದರಾಗ?"

ಓದಿ ಹೇಳಿದೆ.

"ತೊಂದರಿ ಇಲ್ಲದ" ಎಂದು ಮೆಲ್ಲಗೆ ತಾನೂ ಒಮ್ಮೆ ಹೇಳಿ ನೋಡಿದಳು. ಆಮೇಲೆ ಅಧಿಕಾರಿಗೆ ಹೇಳಿದಳು: "ನಾ ಒಮ್ಮೆ ಓದಕ ಬರಲಾರದ ಹೆಬ್ಬೆಟ್ಟು ಒತ್ತೀನ್ರಿ. ಮತ್ತೊಮ್ಮೆ ಒತ್ತಂಗಿಲ್ಲ. ಅಕ್ಕಾರ, ಇದ್ದದ್ದು ಇದ್ದಂಗ ಬರೀರಿ. ಕೂಸು ನನ್ನ ಕಡೆನೇ ಅದ, ಕಸಗೋತೀನಿ ಅನ್ನೋರು ಬರ್ಲಿ."

ನಿಜ. ಆಯಾ ಆಗಲೇ ಕೂಸನ್ನು ಕೆಳಗೆ ಬಿಟ್ಟಿದ್ದಳು, ಮುದುಕಿ ಅದನ್ನು ಮಡಿಲಲ್ಲಿ ಕೂಡಿಸಿಕೊಂಡಿದ್ದಳು. ಅಧಿಕಾರಿ ಆಯಾಳ ಕಡೆ ನೋಡಿದರು. ಆಯಾ ಕಿಟಕಿಯ ಕಡೆ ನೋಡಿದಳು.

ಆ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: 'ಎದೆಹಾಲು ಕುಡಿಯುತ್ತಿದ್ದ ಮಗುವನ್ನು ಹನ್ನೊಂದು ದಿನ ತಾಯಿಯಿಂದ ಬೇರೆ ಇಡಲಾಗಿದೆ. ಕೇಳದೆ ತಲೆ ಬೋಳಿಸಲಾಗಿದೆ. ಬರುವಾಗ ಮಾತಾಡುತ್ತಿತ್ತು, ಈಗ ಮಾತಾಡುತ್ತಿಲ್ಲ. ತಂದೆಗೆ ಎಡಗಿವಿ ಕೇಳಿಸುವುದಿಲ್ಲ. ಸ್ನಾನ ಮಾಡಿಸಿ ತರುತ್ತೇವೆಂದು ತಾಯಿಗೆ ಸುಳ್ಳು ಹೇಳಿದಾಗ ನಾನು ಅಲ್ಲೇ ಇದ್ದೆ, ಸುಮ್ಮನಿದ್ದೆ.' ಸಹಿ ಹಾಕಿ, ಪ್ರತಿಯ ಫೋಟೊ ತೆಗೆದುಕೊಂಡೆ. ಅಧಿಕಾರಿ ಓದಿದರು. ಹರಿದುಹಾಕುತ್ತಾರೆ ಅಂದುಕೊಂಡೆ. ಹರಿಯಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಕಿರಲಿಲ್ಲ ನಿಮಗೆ" ಅಂದರು. ಬೇಕಿತ್ತು ಅಂದೆ. ಮುದ್ರೆ ಒತ್ತಿದರು.

ಬಸ್ ನಿಲ್ದಾಣದಲ್ಲಿ ಅವರನ್ನು ದೇವದುರ್ಗದ ಬಸ್ಸಿಗೆ ಹತ್ತಿಸಿದೆ. ಬೆಂಗಳೂರಿಗೆ ಸದ್ಯಕ್ಕೆ ಹೋಗುವುದಿಲ್ಲ ಅಂದರು. ಕೂಸು ಮುದುಕಿಯ ಮಡಿಲಲ್ಲಿ ನೆಟ್ಟಗೆ ಕೂತಿತ್ತು. ತಾಯಿ ಕೈ ಚಾಚಿದರೆ ಮುಖ ತಿರುಗಿಸುತ್ತಿತ್ತು. ಕೊಟ್ಟ ಬಿಸ್ಕಿಟನ್ನು ತಿನ್ನದೆ ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿತ್ತು. ನಾನು ಕಿಟಕಿಯ ಹೊರಗೆ ನಿಂತು ಏನು ಹೇಳಬೇಕೋ ತಿಳಿಯದೆ, "ಅದಕ್ಕ ಎಲ್ಲಾ ಹೊಸದು, ಹಂಗ ಮಾಡ್ತದ" ಅಂದೆ. ಹಡೆದ ತಾಯಿ ಹೊಸಬಳು ಅಂದಹಾಗಾಯಿತು. ನಾಲಗೆ ಕಚ್ಚಿಕೊಂಡೆ.

ತಾಯಿ ಸೀಟಿನ ಆ ತುದಿಗೆ ಸರಿದು, ಕೂಸಿಗೆ ತಾಗದಂತೆ ನಡುವೆ ಜಾಗ ಬಿಟ್ಟು ಕೂತಳು. ಕಂಡಕ್ಟರ್ ಸೀಟಿ ಊದಿದ.

"ಬರ್ತಾಳ ಬಿಡ್ರಿ ಅಕ್ಕಾರ" ಅಂದಳು. "ಅವರು ಹನ್ನೊಂದು ದಿನ ಹಿಡದಿಟ್ರು. ನಾ ಹಿಡಿಯಂಗಿಲ್ಲ. ಆಕಿ ತಾನ ಬರೋ ತನಕ ಹಿಂಗ ಕುಂದರ್ತೀನಿ, ನೋಡೂಣು ಯಾರು ಎಬ್ಬಸ್ತಾರ."